ಹಟ್ಟಿಯ ಕಣ್ಣುಮದ್ದು

ನಮ್ಮ ಹಟ್ಟಿಯ ಕೌಲಿಗೆ ಬಲಗಣ್ಣಿಲ್ಲ. ಮೂರು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ಆ ಕಣ್ಣಿನಿಂದ ನೀರಿಳಿದು ಕೆನ್ನೆಯ ರೋಮ ಅಂಟಂಟಾಗಿತ್ತು. ಅಂಗಳದ ಬಿಸಿಲಿಗೆ ಕಟ್ಟಿದರೆ ರೆಪ್ಪೆ ಬಿಗಿಹಿಡಿದು ತಲೆ ಓರೆ ಮಾಡುತ್ತಿದ್ದಳು. ಅಮ್ಮನ ಕಣ್ಣಿಗೆಂದು ತಂದ ಡ್ರಾಪ್ಸ್ ಕಪಾಟಿನಲ್ಲಿ ಅರ್ಧ ಉಳಿದಿತ್ತು. ನಾನೇ ಅದನ್ನು ಎರಡು ಹೊತ್ತು ಬಿಟ್ಟೆ. ಮರುದಿನಕ್ಕೆ ಕೆಂಪು ಇಳಿಯಿತು. ವಾರ ಕಳೆಯುವುದರೊಳಗೆ ಕರಿಗುಡ್ಡೆಯ ನಡುವೆ ಬಿಳಿ ಗುಳಿ ಬಿದ್ದು ಕಣ್ಣು ಒಡೆಯಿತು. ಆ ಬಾಟ್ಲಿಯಲ್ಲಿ ಇದ್ದದ್ದು ಸ್ಟೀರಾಯ್ಡ್. ಕಣ್ಣಿನ ಮೇಲ್ಪದರದಲ್ಲಿ ಗಾಯ ಇರುವಾಗ ಸ್ಟೀರಾಯ್ಡ್ ಬಿಟ್ಟರೆ ಕೆಂಪು, ಬಾವು ಅಡಗುತ್ತವೆ, ಗಾಯ ಮಾಯುವುದೂ ನಿಲ್ಲುತ್ತದೆ. ರೋಗಾಣುವಿಗೆ ದಾರಿ ಸಲೀಸು.

ಕಡಿಯಾಳಿಯಲ್ಲಿ ಕೂತು ಇದನ್ನು ಬರೆಯುವಾಗ ಹೆಚ್ಚು ಸಂಕಟವಾಗುತ್ತದೆ. ಮಹಿಷಮರ್ದಿನಿ ದೇವಸ್ಥಾನದ ಹತ್ತಿರ ಬಸ್ಸು ಹತ್ತಿದರೆ ಮಣಿಪಾಲ ದೂರವಿಲ್ಲ. ಮನುಷ್ಯರ ಕಣ್ಣಿಗೆ ಬೇಕಾದ ಪರೀಕ್ಷೆಯೆಲ್ಲ ಅಲ್ಲಿದೆ. ನಮ್ಮ ಕಣ್ಣಿಗೆ ಕಸ ಬಿದ್ದರೂ ಯಂತ್ರದ ಮುಂದೆ ಗಲ್ಲ ಊರಿ ಕೂರುವ ನಾವು, ದನದ ಕಣ್ಣಿಗೆ ಮಾತ್ರ ನೋಡದೆಯೇ ಮದ್ದು ಬಿಡುತ್ತೇವೆ.

ಊರಿನ ಕಣ್ಣುಮದ್ದುಗಳನ್ನು ಒಂದೊಂದಾಗಿ ತೂಗಬೇಕು. ಒಟ್ಟಿಗೆ ಹೊಗಳುವುದೂ ಒಟ್ಟಿಗೆ ಜರೆಯುವುದೂ ಸರಿಯಲ್ಲ. ಉಪ್ಪನ್ನು ಬಾಯಲ್ಲಿ ಅಗಿದು ಕಣ್ಣಿಗೆ ಊದುವ ಪದ್ಧತಿಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅದರೊಳಗಿನ ಬುದ್ಧಿ ಒಳ್ಳೆಯದೇ: ಉಪ್ಪುನೀರು ಕಸ ತೊಳೆಯುತ್ತದೆ. ಆದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಉಪ್ಪು ಸಾಕು. ಬಾಯಲ್ಲಿ ಅಗಿದ ಉಪ್ಪು ಅದಕ್ಕಿಂತ ಎಷ್ಟೋ ಖಾರ; ಬಾಯಿಯ ರೋಗಾಣುಗಳೂ ಜೊತೆಗೆ ಹೋಗುತ್ತವೆ. ಹೊಗೆಸೊಪ್ಪಿನ ರಸಕ್ಕೆ, ಸುಣ್ಣ ತಾಗಿದ ವೀಳ್ಯದ ರಸಕ್ಕೆ ನನ್ನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಸುಣ್ಣ ಕಣ್ಣನ್ನು ಸುಡುತ್ತದೆ. ಕೆಚ್ಚಲುಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವವರು ಆ ಕೈಯನ್ನು ತೊಳೆಯದೆ ಕಣ್ಣಿನ ಹತ್ತಿರ ಒಯ್ಯಬಾರದು. ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಆ ನೀರಿನಿಂದ ಒರೆಸುವುದು ಇವೆಲ್ಲಕ್ಕಿಂತ ಮೃದು, ಆದರೆ ತೊಟ್ಟಿನ ಹಾಲು ಸೇರಿದರೆ ಅದೂ ಉರಿ.

ಹಾಗಾದರೆ ಇವುಗಳಿಂದ ಗುಣವಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೆ? ಇಲ್ಲ. ನಾವು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುವ ಬಿಳಿ ಮಚ್ಚೆಗೆ ಅನೇಕ ಸಲ ಕಾರಣ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. ಎಳೆಯ ದನಗಳಿಗೆ ಹೆಚ್ಚಾಗಿ ತಗಲುವ ಈ ರೋಗದಲ್ಲಿ ಎಷ್ಟೋ ಕಣ್ಣುಗಳು ಕೆಲವು ವಾರಗಳಲ್ಲಿ ತಾವಾಗಿಯೇ ತಿಳಿಯಾಗುತ್ತವೆ. ಆ ವಾರಗಳಲ್ಲಿ ಏನು ಬಿಟ್ಟಿದ್ದೆವೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಕುರುಡಾದ ದನದ ಕಥೆಯನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲ. ನಾಟಿಮದ್ದಿನ ಹೆಸರು ಉಳಿದಿರುವುದು ಹೀಗೆ. ಕಪಾಟಿನ ಬಾಟ್ಲಿಯ ಮೇಲಿನ ನಂಬಿಕೆಯೂ ಹೀಗೇ ಬೆಳೆದಿದೆ.

ಕೌಲಿಯ ಕಣ್ಣು ಹೋದ ಮೇಲೆ ಪಕ್ಕದ ಕರುವಿಗೂ ನೀರು ಸುರಿಯತೊಡಗಿತು. ಎರಡರ ಮುಖವನ್ನೂ ನಾನು ಒಂದೇ ಬೈರಾಸಿನಿಂದ ಒರೆಸುತ್ತಿದ್ದೆ. ಈ ಸಲ ಡಾಕ್ಟ್ರನ್ನು ಕರೆಸಿದೆ. ಅವರು ಮೊದಲು ಚೀಲ ಬಿಚ್ಚಲಿಲ್ಲ. “ಮಾರಾಯ್ರೆ, ಕರುವನ್ನು ಬೆಳಕಿಗೆ ತಿರುಗಿಸಿ ಹಿಡೀರಿ” ಎಂದರು. ಹೆಬ್ಬೆರಳಿನಿಂದ ಕೆಳರೆಪ್ಪೆ ಇಳಿಸಿ, ಒಳಮೂಲೆಯ ಮೂರನೆಯ ರೆಪ್ಪೆಯ ಅಡಿಯನ್ನು ತಡವಿ ನೋಡಿದರು. ಬೈಹುಲ್ಲಿನ ಚೂರು ಇರಲಿಲ್ಲ, ಹುಳ ಇರಲಿಲ್ಲ. ಆಮೇಲೆ ಕಿತ್ತಳೆ ಬಣ್ಣದ ಒಂದು ಕಾಗದದ ಪಟ್ಟಿಯನ್ನು ಉಪ್ಪುನೀರಿನಲ್ಲಿ ತೋಯಿಸಿ ಕಣ್ಣಿಗೆ ಮುಟ್ಟಿಸಿ ತೊಳೆದರು. ಬಣ್ಣವೆಲ್ಲ ಹರಿದುಹೋಯಿತು, ನಡುವಿನಲ್ಲಿ ಸಾಸಿವೆಯಷ್ಟು ಜಾಗ ಮಾತ್ರ ಎಳೆಹಸಿರಾಗಿ ಹೊಳೆಯುತ್ತ ಉಳಿಯಿತು. ಗಾಯ ಅಲ್ಲೇ. ಫ್ಲೂರೆಸೀನ್ ಎಂಬ ಈ ಪಟ್ಟಿಗೆ ದುಬಾರಿ ಯಂತ್ರ ಬೇಡ. ಅವತ್ತು ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಟ್ಟು, ಕರುವನ್ನು ಬೇರೆ ಕಡೆ, ನೆರಳಿನಲ್ಲಿ ಕಟ್ಟಲು ಹೇಳಿದರು. ಅದರ ಎರಡೂ ಕಣ್ಣು ಉಳಿದಿವೆ.

ಹುಳದ ವಿಷಯವನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ‘ಕಣ್ಣಿನ ಹುಳ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಜೀವಿಗಳಿವೆ. ಥೆಲೇಜಿಯಾ ರೆಪ್ಪೆಯ ಅಡಿಯಲ್ಲಿ ಬಿಳಿ ನೂಲಿನಂತೆ ಹರಿದಾಡುತ್ತದೆ. ಕಣ್ಣೀರು ಹೀರುವ ನೊಣ ಅದನ್ನು ತರುತ್ತದೆ. ಮರಗಟ್ಟಿಸುವ ಹನಿ ಬಿಟ್ಟು ತೆಗೆಯಬಹುದು, ಹುಳದ ಮದ್ದೂ ಇದೆ. ಸೆಟೇರಿಯಾ ಮಾತ್ರ ಕಣ್ಣಿನ ಒಳಗಿನ ನೀರಿನಲ್ಲಿ ಈಜುತ್ತದೆ. ಅದನ್ನು ತರುವುದು ಸೊಳ್ಳೆ. ಹೊರಗಿನಿಂದ ಎಷ್ಟು ರಸ ಹಿಂಡಿದರೂ ಅದು ಹೊರಬರದು. ಡಾಕ್ಟ್ರು ಕರಿಗುಡ್ಡೆಯಂಚಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯಬೇಕು. ಕಣ್ಣೀರೇ ರೋಗವಲ್ಲದ ಸಂದರ್ಭಗಳೂ ಇವೆ. ಉಣುಗು ಕಚ್ಚಿ ಬರುವ ಥೈಲೇರಿಯಾ ಜ್ವರದಲ್ಲಿ, 2022ರಲ್ಲಿ ರಾಜ್ಯದ ಹಟ್ಟಿಗಳನ್ನು ನಡುಗಿಸಿದ ಚರ್ಮಗಂಟು ರೋಗದಲ್ಲಿ ಕಣ್ಣು ಸುರಿಯುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಜ್ವರವನ್ನು.

ಮುಸ್ಸಂಜೆ ಹಟ್ಟಿಗೆ ಹೊಗೆ ಹಾಕುವ ರೂಢಿಯ ಬಗ್ಗೆ ನನಗೆ ಗೌರವವಿದೆ. ನೊಣ, ಸೊಳ್ಳೆ ದೂರ ಇರುವುದರಿಂದ ಎರಡೂ ಹುಳಗಳ ದಾರಿ ಕಟ್ಟಿದಂತೆ. ಅದು ತೆರೆದ ಹಟ್ಟಿಯ ಕಾಲದ ರೂಢಿ. ಈಗಿನ ಶೀಟಿನ ಮಾಡು, ಮೂರು ಕಡೆ ಗೋಡೆಯ ಹಟ್ಟಿಯಲ್ಲಿ ಹೊಗೆ ಒಳಗೇ ಸುತ್ತಿ, ಗಂಜಳದ ಘಾಟಿನೊಡನೆ ಸೇರಿ ಕಣ್ಣನ್ನೇ ಉರಿಸುತ್ತದೆ. ಗಾಳಿ ಆಡದಲ್ಲಿ ಹೊಗೆಗಿಂತ ದಿನಾ ಸೆಗಣಿ ಎತ್ತುವುದು ಮೇಲು. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲಿನ ಕಟ್ಟನ್ನು ದನದ ಮುಖದ ಎದುರೇ ಕೊಡವುವ ಅಭ್ಯಾಸವೂ ಬಿಡಬೇಕು. ಗೋದಲಿ ತಲೆಗಿಂತ ಎತ್ತರದಲ್ಲಿದ್ದರೆ ಹೊಟ್ಟು, ಧೂಳು ನೇರ ಕಣ್ಣಿಗೇ ಬೀಳುತ್ತದೆ.

ಪಶು ಸಂಜೀವಿನಿ ಗಾಡಿ 1962ಕ್ಕೆ ಫೋನ್ ಮಾಡಿದರೆ ಬರುತ್ತದೆ. ಅದು ಬರುವವರೆಗೆ ಮನೆಯವರು ಮಾಡಬಹುದಾದ್ದು ಉಪ್ಪುನೀರಿನಲ್ಲಿ ತೊಳೆಯುವುದು, ನೆರಳಿಗೆ ಕಟ್ಟುವುದು, ಪ್ರತಿ ದನಕ್ಕೆ ಬೇರೆ ಬಟ್ಟೆ. ಇಂಜೆಕ್ಷನ್ ಆದ ದನದ ಹಾಲನ್ನು ಡಾಕ್ಟ್ರು ಹೇಳಿದಷ್ಟು ದಿನ ಸೊಸೈಟಿಗೆ ಹಾಕಬಾರದು. ಸೊಸೈಟಿಗಳ ಗೋಡೆಯಲ್ಲಿ ಫ್ಯಾಟಿನ ದರ ಬರೆಯುವ ಕಡೆ ಈ ನಾಲ್ಕು ಮಾತನ್ನೂ ಬರೆಸಬೇಕೆಂದು ನಾನು ಕೇಳುತ್ತಿದ್ದೇನೆ. ಐದನೆಯದಾಗಿ, ಮನುಷ್ಯರ ಡ್ರಾಪ್ಸ್ ಬಿಡಬೇಡಿ ಎಂದು ದೊಡ್ಡ ಅಕ್ಷರದಲ್ಲಿ. ಕೌಲಿ ಈಗಲೂ ಹಾಲು ಕೊಡುತ್ತಾಳೆ. ಬಲಬದಿಯಿಂದ ಹೋಗುವಾಗ ಮೊದಲು ಹೆಸರು ಕರೆಯುತ್ತೇನೆ. ಕರೆಯದೆ ಮುಟ್ಟಿದರೆ ಬೆಚ್ಚುತ್ತಾಳೆ.