ಹರಿದ ಹಾಳೆಗಳ ದಿನಚರಿ

ಶನಿವಾರ ರಾತ್ರಿ ಮರುದಿನದ ಪ್ರಬೋಧನೆಯನ್ನು ಬರೆಯಲು ಕುಳಿತೊಡನೆ ಗುರುನಿವಾಸದ ಸಕಲ ಕೆಲಸಗಳೂ ನನಗೆ ತುರ್ತಾಗಿ ಕಾಣತೊಡಗುತ್ತವೆ. ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಕ್ಕೆ ರಟ್ಟು ಕಟ್ಟಬೇಕೆನ್ನಿಸುವುದೂ ಆಗಲೇ. ಸಾವಿನ ಮನೆಗೆ ಎರಡು ಸಾಲು ಸಾಂತ್ವನ ಬರೆಯಲು ಕುಳಿತು, ಸುಮ್ಮನೆ ಎದ್ದುಹೋದ ಅನುಭವ ನಿಮಗೂ ಇದ್ದೀತು. ಸಮಯವಿಲ್ಲ ಎನ್ನುತ್ತೇವೆ. ನಿಜವಾದ ಕಾರಣ ಅದಲ್ಲವೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಫ್ರಾನ್ಸಿನ ಲೇಖಕ ಜಾರ್ಜ್ ಬರ್ನಾನೋಸರು 1936ರಲ್ಲಿ ಪ್ರಕಟಿಸಿದ 'ಹಳ್ಳಿಯ ಗುರುವೊಬ್ಬನ ದಿನಚರಿ' ಎಂಬ ಕಾದಂಬರಿ.

ಉತ್ತರ ಫ್ರಾನ್ಸಿನ ಹಳ್ಳಿಯೊಂದರ ಯುವಗುರು, ಹೊಟ್ಟೆಯ ಬೇನೆಯಿಂದ ಬಳಲುತ್ತಾ, ಶಾಲಾಮಕ್ಕಳ ನೋಟುಪುಸ್ತಕಗಳಲ್ಲಿ ದಿನಚರಿ ಬರೆಯಲಾರಂಭಿಸುತ್ತಾನೆ. ಒಂದು ವರ್ಷ ಬರೆದು ಬೆಂಕಿಗೆ ಹಾಕುವುದೆಂದು ಅವನ ನಿಶ್ಚಯ. ಅದು ಪ್ರಾರ್ಥನೆಯ ಮುಂದುವರಿಕೆಯಾದೀತೆಂಬ ಅವನ ನಿರೀಕ್ಷೆ ಸುಲಭವಾಗಿ ಕೈಗೂಡುವುದಿಲ್ಲ. ಕಾಗದದ ಮುಂದೆ ಕುಳಿತವನಿಗೆ ತಾನು ತನ್ನಿಂದಲೇ ಬಚ್ಚಿಟ್ಟದ್ದು ಎದುರಾಗುತ್ತದೆ. ಅಲ್ಲಲ್ಲಿ ಸಾಲುಗಳು ಗೀಚಿಹೋಗಿವೆ. ಒಂದೆಡೆಯಂತೂ ಹತ್ತರಷ್ಟು ಹಾಳೆಗಳು ಹರಿದುಹೋಗಿ, ಅಂಚಿನಲ್ಲುಳಿದ ಪದಗಳೂ ಅಳಿಸಲ್ಪಟ್ಟಿವೆ. ಕಾದಂಬರಿಯ ಅತ್ಯಂತ ಪ್ರಾಮಾಣಿಕ ಪುಟಗಳು ಈ ಇಲ್ಲದ ಪುಟಗಳೇ ಎಂದು ನಾನು ಭಾವಿಸುತ್ತೇನೆ. ಬರೆಯಲು ಕುಳಿತುಕೊಳ್ಳಲಾರದವನ ಭಯವೇನೆಂಬುದನ್ನು ಆ ಖಾಲಿ ಸ್ಥಳ ತೋರಿಸುತ್ತದೆ.

ಆದರೆ ಒಂದು ಆಕ್ಷೇಪವನ್ನು ಹೇಳದಿರಲಾರೆ. ಒಂದು ಪ್ಯಾರಾ ಬರೆಯಲು ಇಷ್ಟು ಒದ್ದಾಡುವ ಈ ರೋಗಿ, ನೆರೆಯ ಟಾರ್ಸಿಯ ಹಿರಿಯ ಗುರುಗಳ ಉದ್ದುದ್ದ ಮಾತುಗಳನ್ನು ಪುಟಗಟ್ಟಲೆ ಅಕ್ಷರಶಃ ಬರೆದಿಡುತ್ತಾನೆ! ಆ ಮಾತುಗಳು ಸೊಗಸಾಗಿವೆ, ನಿಜ. ಆದರೆ ಲೇಖನಿ ಅಲ್ಲಿ ಯುವಗುರುವಿನ ಕೈತಪ್ಪಿ ಬರ್ನಾನೋಸರ ಕೈ ಸೇರಿದೆ.

ಆ ಕೈಯೂ ಸುಖವಾಗಿ ಬರೆದದ್ದಲ್ಲ. 1933ರಲ್ಲಿ ಮೋಟಾರ್‌ಸೈಕಲ್ ಅಪಘಾತದಿಂದ ಅವರ ಕಾಲು ಊನವಾಯಿತು. ಆರು ಮಕ್ಕಳ ಸಂಸಾರದೊಡನೆ 1934ರಲ್ಲಿ ಮಜೋರ್ಕಾ ದ್ವೀಪಕ್ಕೆ ಹೋಗಿ ನೆಲೆಸಿದರು. ಪ್ರಕಾಶಕರು ಪುಟದ ಲೆಕ್ಕದಲ್ಲಿ ಹಣ ಕೊಡುತ್ತಿದ್ದುದರಿಂದ ಬರೆಯದ ದಿನ ಮನೆಗೆ ಆದಾಯವಿಲ್ಲ. (ನಮ್ಮ ಸಂಪಾದಕರು ಈ ಪದ್ಧತಿಯನ್ನು ಗಮನಿಸಬಹುದು.) ಮನುಷ್ಯರ ಮುಖ, ದನಿಗಳಿಂದ ದೂರವಿದ್ದು ಬರೆಯಲಾರೆನೆಂದು ಅವರು ಕಾಫಿ ಅಂಗಡಿಗಳಲ್ಲಿ ಕುಳಿತು ಬರೆಯುತ್ತಿದ್ದರು. ಏಕಾಂತ ಸಿಕ್ಕರೆ ಬರೆದೇನು ಎಂದು ಮುಂದೂಡುವ ನನ್ನಂಥವರಿಗೆ ಇದು ತುಸು ಮುಜುಗರದ ಸಂಗತಿ.

ಅವರ ಯುವಗುರುವೂ ಕೊನೆಗೆ ಅಂಥದೇ ಜಾಗ ಸೇರುತ್ತಾನೆ. ಲೀಲ್ ನಗರದ ವೈದ್ಯರಿಂದ ತನಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದ ದಿನವೇ, ಸಣ್ಣದೊಂದು ಹೋಟೆಲಿನಲ್ಲಿ ಕುಳಿತು ಅವನು ದಿನಚರಿ ಬರೆಯುತ್ತಾನೆ. ಅಂದು ಅವನಿಗೆ ಯಾವ ನೆಪವೂ ಬೇಕಾಗುವುದಿಲ್ಲ. ಪುಸ್ತಕದ ಕೊನೆಯ ಪುಟಗಳು ಅವನವಲ್ಲ. ಗುರುದೀಕ್ಷೆಯನ್ನು ತೊರೆದ ಅವನ ಗುರುಮಠದ ಗೆಳೆಯ ಟಾರ್ಸಿಯ ಗುರುಗಳಿಗೆ ಬರೆದ ಪತ್ರ ಅಲ್ಲಿದೆ. ಬೆಂಕಿಗೆ ಹಾಕಬೇಕೆಂದಿದ್ದ ನೋಟುಪುಸ್ತಕಗಳು ಹಾಗೆಯೇ ಉಳಿದಿವೆ.