ಕುಂದಿದ ಎಂಜಿನಿನ ಸ್ವರಪರೀಕ್ಷೆ

ಹಾಯಿದೋಣಿಯ ಹಿಂಬದಿಗೆ ಬಿಗಿದ ಪುಟ್ಟ ಔಟ್‌ಬೋರ್ಡ್ ಎಂಜಿನನ್ನು ಹಾಯಿಯ ರಸಿಕರು ಎಷ್ಟೇ ತಾತ್ಸಾರದಿಂದ ಕಂಡರೂ, ಗಾಳಿ ಬಿದ್ದುಹೋದ ಸಂಜೆಯಲ್ಲಿ ಇಳಿತದ ಸೆಳೆತಕ್ಕೆ ಎದುರಾಗಿ ಅಳಿವೆಯನ್ನು ಹೊಗಬೇಕಾದಾಗ ಅವರ ಮಾನವೂ ಪ್ರಾಣವೂ ಅದರ ವಶದಲ್ಲಿಯೇ ಇರುವುದರಿಂದ, ಅದು ಬಲಗುಂದಿತೆಂದು ತೋರಿದೊಡನೆ ಸ್ಪ್ಯಾನರು ಹಿಡಿದು ಕಾರ್ಬುರೇಟರನ್ನು ಬಿಚ್ಚಲು ಹೊರಡುವುದು ಸಹಜ, ಸಹಜವಾದರೂ ಅವಿವೇಕ.

ಬಯಸಿದ ವೇಗವು ನ್ಯಾಯವಾದುದೆ ಎಂಬುದು ಮೊದಲ ವಿಚಾರಣೆ. ನೀರನ್ನು ಸೀಳಿ ಸಾಗುವ ಭಾರದ ಒಡಲಿಗೆ ಒಂದು ಮೇರೆಯುಂಟು: ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ದೊರೆಯುವ ನಾಟ್‌ಗಳೇ ಅದು. 20 ಅಡಿಗೆ ಸುಮಾರು 6 ನಾಟ್. ಶಾಂತ ನೀರಿನಲ್ಲಿ 4 ಅಶ್ವಶಕ್ತಿಯ ಎಂಜಿನು ಇದರ ಸಮೀಪಕ್ಕೆ ಒಯ್ದರೆ ಅದನ್ನು ದೂರುವಂತಿಲ್ಲ. 15 ಅಶ್ವಶಕ್ತಿಯದನ್ನು ತಂದು ಕಟ್ಟಿದರೆ ಹಿಂಬದಿ ಕುಸಿಯುವುದೇ ಹೊರತು ವೇಗ ಹೇಳಿಕೊಳ್ಳುವಷ್ಟು ಹೆಚ್ಚದು.

ಈ ಸಂಶಯ ಕಳೆದ ಬಳಿಕ ಕಿವಿಗೆ ಕೆಲಸ. ಎಂಜಿನಿನ ದನಿ ತಾರಕಕ್ಕೇರಿಯೂ ದೋಣಿ ಮುಂದುವರಿಯದಿದ್ದರೆ, ಶಕ್ತಿಯು ಹುಟ್ಟುತ್ತಿದ್ದು ನೀರನ್ನು ಮಾತ್ರ ಮುಟ್ಟುತ್ತಿಲ್ಲವೆಂದು ತಿಳಿಯತಕ್ಕದ್ದು. ಪ್ರೊಪೆಲರಿನ ನಡುವಣ ರಬ್ಬರು ಸವೆದು ಜಾರುತ್ತಿರಬಹುದು. ಅಥವಾ, ಹಾಯಿಯನ್ನಿಳಿಸಲು ಜೊತೆಗಾರನು ಮುಂಬದಿಗೆ ಹೋದಾಗ ಹಿಂಬದಿ ಮೇಲೆದ್ದು, ಪ್ರೊಪೆಲರು ನೀರಿಗೆ ಬದಲಾಗಿ ಗಾಳಿಯನ್ನು ಹೀರುತ್ತಿರಬಹುದು. ಇದಕ್ಕೆಂದೇ ಹಾಯಿದೋಣಿಗೆ 15 ಅಂಗುಲದ ಗಿಡ್ಡ ಕಾಲಿನ ಎಂಜಿನು ಸಲ್ಲದು. 20 ಅಥವಾ 25 ಅಂಗುಲದ್ದು ಬೇಕು.

ದನಿಯೇ ಏರಲೊಲ್ಲದಿದ್ದರೆ ಕಥೆ ಬೇರೆ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನಿಂತ ದೋಣಿಯ ತಳಕ್ಕೂ ಪ್ರೊಪೆಲರಿನ ಅಲಗುಗಳಿಗೂ ಪಾಚಿ, ಚಿಪ್ಪುಜೀವಿಗಳು ಕಚ್ಚಿಕೊಂಡಿದ್ದರೆ ಯಾವ ಎಂಜಿನೂ ಏದುವುದು. ಹಗುರ ದೋಣಿಗಳಿಗಾಗಿ ಮಾಡಿದ ಹೆಚ್ಚು ಪಿಚ್ಚಿನ ಪ್ರೊಪೆಲರೂ ಭಾರದ ಒಡಲಿಗೆ ಹೊರೆಯೇ. ಇದಕ್ಕೆ ಅಗಲವಾದ ಅಲಗು, ಕಡಿಮೆ ಪಿಚ್ಚು ಒಪ್ಪುತ್ತವೆ. ಇವೆಲ್ಲ ಸರಿಯಿದ್ದಲ್ಲಿ ಪೆಟ್ರೋಲಿನ ದಾರಿಯನ್ನು ಹಿಡಿಯಬೇಕು. ಟ್ಯಾಂಕಿನ ಮುಚ್ಚಳದ ಗಾಳಿತಿರುಪನ್ನು ಸಡಿಲಿಸಲು ಮರೆತರೆ ಸ್ವಲ್ಪ ದೂರ ಚೆನ್ನಾಗಿ ಓಡಿದ ಎಂಜಿನು ಕ್ರಮೇಣ ಸೊರಗುವುದು. ಹೋಸಿನ ನಡುವಣ ರಬ್ಬರ್ ಬಲ್ಬು ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆಗೇ ಎಲ್ಲೋ ತಡೆಯಿದೆ. ಆ ಬಲ್ಬನ್ನು ಕೈಯಿಂದ ಒತ್ತಿದೊಡನೆ ಎಂಜಿನಿಗೆ ಜೀವ ಬಂದರೆ ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ಅನುಮಾನಿಸಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲಂತೂ ಕಡಲ ಗಾಳಿಯ ತೇವವನ್ನು ಹೀರುವುದರಿಂದ, ಹಿಂದಿನ ಋತುವಿನ ಉಳಿಕೆಯನ್ನು ಬಳಸುವ ಮಿತವ್ಯಯವು ದುಬಾರಿಯಾದುದೇ ಸರಿ. ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ನಮ್ಮ ಕರಾವಳಿಯ ನಾಡದೋಣಿಯವರನ್ನು ಕೇಳಿದರೆ, ಮಸಿ ಹಿಡಿದ ಪ್ಲಗ್ಗಿನ ವಿಷಯದಲ್ಲಿ ಯಾವ ಕೈಪಿಡಿಯೂ ಹೇಳದಷ್ಟನ್ನು ಹೇಳಿಯಾರು.

ಕಾರ್ಬುರೇಟರಿನ ಸರದಿ ಇಷ್ಟೆಲ್ಲ ಮುಗಿದ ಮೇಲೆಯೇ. ಆ ಸರದಿಯೇ ಬಾರದಿರಲೆಂದು ಬಯಸುವವರು, ಎಂಜಿನನ್ನು ಬಹುಕಾಲ ಎತ್ತಿಡುವ ಮುನ್ನ ಸಿಹಿನೀರು ಹಾಯಿಸುತ್ತ, ಪೆಟ್ರೋಲಿನ ಹೋಸನ್ನು ಕಳಚಿ, ಒಳಗಿನ ಪೆಟ್ರೋಲು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿರಿ.