ವಿದ್ಯಾರ್ಥಿಗಳ ಡಿಜಿಟಲ್ ಕಥನ: ದನಿಯೂ ಧ್ವನಿಯೂ

ವಿದ್ಯಾರ್ಥಿಗಳಿಂದ ಪ್ರಬಂಧಗಳನ್ನು ಬರೆಯಿಸಿ ತಿದ್ದುವುದು ನಮ್ಮ ಕಾಲೇಜುಗಳಲ್ಲಿ ಭಾಷಾಬೋಧನೆಯ ಹಳೆಯ ಕ್ರಮ. ಈಚೆಗೆ ಅದರ ಪಕ್ಕದಲ್ಲಿ ಇನ್ನೊಂದು ಕ್ರಮವು ತಲೆದೋರಿದೆ. ವಿದ್ಯಾರ್ಥಿಯು ತನ್ನ ಬಾಳಿನ ಒಂದು ಪ್ರಸಂಗವನ್ನು ಆರಿಸಿಕೊಂಡು, ಒಂದು ಪುಟದೊಳಗೆ ಬರೆದು, ತನ್ನ ಕಂಠದಿಂದಲೇ ಓದಿ, ಆ ಓದಿಗೆ ಹತ್ತಾರು ಚಿತ್ರಗಳನ್ನೂ ತುಸು ಸಂಗೀತವನ್ನೂ ಹೊಂದಿಸಿ, ಎರಡು ಮೂರು ನಿಮಿಷಗಳ ಚಿತ್ರಮಾಲೆಯೊಂದನ್ನು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ರಚಿಸುವನು. ಇದಕ್ಕೆ ಡಿಜಿಟಲ್ ಕಥನವೆಂದು ಹೆಸರು. ಇದನ್ನು ಬೋಧನೆಯ ಒಂದು ಉಪಾಯವೆಂದು ಹೊಗಳುವವರು ಅನೇಕರುಂಟು. ಸಾಹಿತ್ಯವೆಂದು ಪರೀಕ್ಷಿಸುವವರು ವಿರಳ. ಕಥೆಯೆಂಬ ಹೆಸರನ್ನು ಹೊತ್ತ ಮೇಲೆ ಅದು ವಿಮರ್ಶೆಗೆ ಒಳಗಾಗಲೇಬೇಕಷ್ಟೆ. ಆ ಪರೀಕ್ಷೆಯೇ ಈ ಲೇಖನದ ಉದ್ದೇಶ.

ಈ ಪ್ರಕಾರವು ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕೆಯ ಸ್ಯಾನ್‌ಫ್ರಾನ್ಸಿಸ್ಕೋ ಪ್ರಾಂತದಲ್ಲಿ. ಡೇನಾ ಆಚ್ಲೆ ಎಂಬ ಕಲಾವಿದನೂ ರಂಗಭೂಮಿಯಿಂದ ಬಂದ ಜೋ ಲ್ಯಾಂಬರ್ಟ್ ಎಂಬಾತನೂ ಇದರ ಮೊದಲ ಪ್ರವರ್ತಕರು. 2001ರಲ್ಲಿ ಬಿ.ಬಿ.ಸಿ. ಸಂಸ್ಥೆಯು ವೇಲ್ಸ್ ಸೀಮೆಯ ಸಾಮಾನ್ಯ ಜನರಿಂದ ಇಂತಹ ಕಥೆಗಳನ್ನು ಮಾಡಿಸತೊಡಗಿತು. ಅನಂತರ ವಿಶ್ವವಿದ್ಯಾನಿಲಯಗಳು ಇದನ್ನು ಎತ್ತಿಕೊಂಡುವು. ಇದರ ಆಚಾರ್ಯರು ಏಳು ಅಂಗಗಳನ್ನು ಹೇಳಿರುವರು: ಕಥಕನ ನಿಲುವು, ಕುತೂಹಲವನ್ನು ಹುಟ್ಟಿಸುವ ಪ್ರಶ್ನೆ, ಭಾವ, ಕಂಠ, ಸಂಗೀತ, ಮಿತವ್ಯಯ, ಗತಿ. ಕಾವ್ಯಮೀಮಾಂಸೆಯ ಪರಿಚಯವುಳ್ಳ ನಮ್ಮವರಿಗೆ ಇವು ಅಪರಿಚಿತವೆನಿಸಲಾರವು.

ನಮ್ಮ ದೇಶದಲ್ಲಿ ಇಂಟರ್ನೆಟ್ಟಿನ ಮೂಲಕ ನಡೆಯುವ ಉನ್ನತ ಶಿಕ್ಷಣದ ಚರಿತ್ರೆ ಬೇರೆ ಬಗೆಯದು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಆರಂಭಿಸಿದುವು. 2017ರಲ್ಲಿ ಸ್ವಯಂ ಎಂಬ ಕೇಂದ್ರ ಸರ್ಕಾರದ ವೇದಿಕೆ ಬಂದಿತು. 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯಿಂದ ಕಾಲೇಜುಗಳ ಬಾಗಿಲು ಮುಚ್ಚಿದಾಗ ತರಗತಿಯೆಲ್ಲವೂ ಪರದೆಯ ಮೇಲಕ್ಕೆ ಬಂದಿತು. 2021ರಲ್ಲಿ ಯು.ಜಿ.ಸಿ.ಯು ಒಂದು ಸೆಮಿಸ್ಟರಿನ ನೂರಕ್ಕೆ 40ರಷ್ಟು ಪಾಠಗಳನ್ನು ಸ್ವಯಂ ಮೂಲಕ ಪಡೆಯಬಹುದೆಂದು ನಿಯಮ ಮಾಡಿತು. ಇವೆಲ್ಲವೂ ಉಪಕಾರಿಯಾದುವೇ. ಆದರೆ ಇವುಗಳಲ್ಲಿ ವಿದ್ಯಾರ್ಥಿಯು ಮುಖ್ಯವಾಗಿ ಶ್ರೋತೃ, ಕರ್ತೃವಲ್ಲ.

ವಿದ್ಯಾರ್ಥಿಯನ್ನು ಕರ್ತೃವನ್ನಾಗಿ ಮಾಡಿದ ಪ್ರಯತ್ನವೊಂದು ಬೆಂಗಳೂರಿನಲ್ಲಿಯೇ ನಡೆಯಿತು. ಕ್ರೈಸ್ಟ್ ವಿಶ್ವವಿದ್ಯಾನಿಲಯದ ಭಾಷಾತರಗತಿಗಳ ವಿದ್ಯಾರ್ಥಿಗಳು 2013ರಿಂದ ಕನ್ನಡವೇ ಮೊದಲಾದ ಭಾಷೆಗಳ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯತೊಡಗಿದರು. ದಂಡಿನ ಪೂರ್ವಕ್ಕೆ, ದೊಮ್ಮಲೂರಿನಲ್ಲಿ, ಕಚೇರಿಯನ್ನಿಟ್ಟುಕೊಂಡಿದ್ದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಇದಕ್ಕೆ ಒತ್ತಾಸೆಯಾಗಿದ್ದಿತು. ಮೈಸೂರು ವಿಶ್ವವಿದ್ಯಾನಿಲಯವು 14 ಸಂಪುಟಗಳ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿದುದೂ ಇದೇ ಕಾಲದ ಸಂಗತಿ. ವಿಕಿಪೀಡಿಯದ ಬರವಣಿಗೆಯಲ್ಲಿ "ನಾನು" ಎಂಬುದಕ್ಕೆ ಎಡೆಯಿಲ್ಲ; ಡಿಜಿಟಲ್ ಕಥನದಲ್ಲಿ "ನಾನು" ಎಂಬುದೇ ಸರ್ವಸ್ವ. ಮೊದಲನೆಯದರಲ್ಲಿ ಯಾರು ಬೇಕಾದರೂ ತಿದ್ದಬಹುದು, ತಿದ್ದಿದ ಚರಿತ್ರೆಯೆಲ್ಲವೂ ಪುಟದ ಹಿಂದೆ ಉಳಿಯುವುದು. ಎರಡನೆಯದು ಒಮ್ಮೆ ಮುಗಿಯಿತೆಂದರೆ ಸಾಮಾನ್ಯವಾಗಿ ಅದನ್ನು ತಿದ್ದುವ ಕೈಯಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಇನ್ನು ಕೃತಿಗುಣದ ವಿಚಾರ. ಈ ಕಥೆಗಳ ದೊಡ್ಡ ಆಸ್ತಿಯೆಂದರೆ ಕಂಠ. ನಮ್ಮ ಗಮಕಿಗಳೂ ಹರಿಕಥೆಯ ದಾಸರೂ ಬಲ್ಲ ಗುಟ್ಟಿದು: ಓದುವವನ ಉಸಿರು ಮಾತಿಗೆ ಹೊಸ ಅರ್ಥವನ್ನು ಕೂಡಿಸುವುದು. ಬೆಂಗಳೂರು ದಂಡಿನ ಪ್ರದೇಶದಲ್ಲಿ ಇದಕ್ಕೆ ವಿಶೇಷವಾದ ಬೆಲೆಯುಂಟು. ಆ ಭಾಗವು 1947ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದು, 1949ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ನಿಗೆ ಸೇರಿತು. ಶಿವಾಜಿನಗರ ಹಲಸೂರುಗಳ ಮನೆಗಳಲ್ಲಿ ಇಂದಿಗೂ ತಮಿಳು, ದಖನಿ ಉರ್ದು, ತೆಲುಗು, ಕನ್ನಡಗಳು ಒಂದರ ಮಗ್ಗುಲಲ್ಲಿ ಒಂದು ಕೇಳಿಬರುವುವು. ಅಲ್ಲಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಪ್ರಬಂಧ ಬರೆದರೆ ಅವಳ ಮನೆಮಾತಿನ ನೆರಳು ಕಾಗದದ ಮೇಲೆ ದೋಷವಾಗಿ ಕೆಂಪುಮಸಿಗೆ ಸಿಕ್ಕುವುದು. ಅದನ್ನೇ ಅವಳು ಹೇಳಿದರೆ ಕಿವಿಗೆ ಅದು ಅವಳ ಊರಿನ ಕನ್ನಡವಾಗಿ ಕೇಳಿಸುವುದು. ಕನ್ನಡದ ವಿಸ್ತಾರಕ್ಕೆ ಇದು ಸಣ್ಣ ಲಾಭವಲ್ಲ. ಆದುದರಿಂದ ಉಚ್ಚಾರಣೆಯನ್ನು ಶುದ್ಧಿಮಾಡುವ ನೆಪದಿಂದ ಬೇರೊಬ್ಬರ ಕಂಠವನ್ನೋ ಯಂತ್ರದ ಕಂಠವನ್ನೋ ಅಲ್ಲಿ ಕೂಡಿಸುವುದು ಸರ್ವಥಾ ಅನುಚಿತ.

ಆದರೆ ದನಿಯಿದ್ದ ಮಾತ್ರಕ್ಕೆ ಧ್ವನಿಯಿದ್ದಂತಾಗದು. ಕಾವ್ಯದ ಆತ್ಮವು ಧ್ವನಿಯೆಂದು ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ಪ್ರತಿಪಾದಿಸಿದಾಗ, ಅವನ ಮನಸ್ಸಿನಲ್ಲಿದ್ದುದು ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ. ಡಿಜಿಟಲ್ ಕಥನವು ಎಡವುವುದು ಇಲ್ಲಿಯೇ. ರಸಲ್ ಮಾರ್ಕೆಟ್ಟಿನಲ್ಲಿ ಹೂವು ಮಾರುವ ಅಜ್ಜಿಯ ಕಥೆಯೆಂದು ಭಾವಿಸೋಣ. "ನಮ್ಮಜ್ಜಿ ಹೂವು ಮಾರುತ್ತಾಳೆ" ಎಂಬ ಮಾತಿಗೆ ಹೂವಿನ ಚಿತ್ರ. "ಬಹಳ ಕಷ್ಟಪಟ್ಟಳು" ಎಂಬುದಕ್ಕೆ ಸುಕ್ಕುಗಟ್ಟಿದ ಕೈ. ಅದರ ಮೇಲೆ ಕೊಳಲಿನ ಶೋಕರಾಗ. ಇಲ್ಲಿ ಮಾತು ಹೇಳಿದ್ದನ್ನೇ ಚಿತ್ರವು ಹೇಳಿತು, ಚಿತ್ರವು ಹೇಳಿದ್ದನ್ನೇ ಸಂಗೀತವು ಹೇಳಿತು. ಸಹೃದಯನಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಇದಕ್ಕೆ ಬದಲಾಗಿ ಮಾತು ಹೂವಿನ ಬೆಲೆಯನ್ನು ಹೇಳುತ್ತಿರಲು, ಚಿತ್ರವು ಬೆಳಗಿನ ಮೊದಲ ಬಸ್ಸಿನ ಖಾಲಿ ಆಸನವನ್ನು ತೋರಲಿ, ಸಂಗೀತವು ಸುಮ್ಮನಿರಲಿ. ಕಷ್ಟವೆಂಬ ಶಬ್ದವಿಲ್ಲದೆಯೇ ಕಷ್ಟವು ಮನಸ್ಸಿಗೆ ತಟ್ಟುವುದು. ಮಿತವ್ಯಯವೆಂದು ಪಾಶ್ಚಾತ್ಯ ಆಚಾರ್ಯರು ಹೇಳಿದುದೂ ಇದನ್ನೇ ಎಂದು ತೋರುತ್ತದೆ.

ಇದಕ್ಕಿಂತ ಗುರುತರವಾದ ಆಕ್ಷೇಪಣೆಯೊಂದುಂಟು. ಭಾವವು ಕಥೆಯ ಅಂಗವೆಂಬುದು ಸರಿ. ಆದರೆ ಭಾವಕ್ಕೆ ಅಂಕಗಳನ್ನು ಗೊತ್ತುಮಾಡಿದೊಡನೆ ಅದರ ಸ್ವರೂಪವೇ ಕೆಡುವುದು. ತಂದೆಯ ಸಾಲ, ತಾಯಿಯ ರೋಗ, ಜಾತಿಯ ಅವಮಾನ ಮುಂತಾದವನ್ನು ಹೇಳಿದವನಿಗೆ ಹತ್ತಕ್ಕೆ ಒಂಬತ್ತು ದೊರೆತು, ನೆರೆಮನೆಯ ನಗೆಗಥೆಯನ್ನು ಹೇಳಿದವನಿಗೆ ಆರು ದೊರೆತರೆ, ಮುಂದಿನ ವರ್ಷದ ವಿದ್ಯಾರ್ಥಿಗಳು ಮನೆಯ ದುಃಖವನ್ನು ಹುಡುಕಿ ತರುವರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬಂದವರ ಮೇಲೆಯೇ ಈ ಒತ್ತಡವು ಹೆಚ್ಚು. ಕಥೆಯಲ್ಲಿ ಕಾಣಿಸಿಕೊಂಡ ತಾಯಿಯನ್ನು ಯಾರಾದರೂ ಕೇಳಿದರೆ? ಕೃಷ್ಣರಾಜಪುರದ ಮನೆಯೊಂದರ ಒಳಮಾತು ಇಂಟರ್ನೆಟ್ಟನ್ನು ಸೇರಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಇಲ್ಲಿ ಔಚಿತ್ಯವು ಕೃತಿಯ ಗುಣವಷ್ಟೇ ಅಲ್ಲ, ಗುರುವಿನ ಧರ್ಮವೂ ಆಗಿದೆ.

ಪರಿಹಾರವು ದೂರದಲ್ಲಿಲ್ಲ. ಎ. ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಬುದ್ಧ ಕರ್ಣಾಟಕವನ್ನು ಆರಂಭಿಸಿ ಒಂದು ನೂರು ವರ್ಷಗಳು ಸಂದಿವೆ. ಕಾಲೇಜಿನ ಅಂಗಳದಲ್ಲಿ ಹುಟ್ಟಿದ ಪತ್ರಿಕೆಯು ನಾಡಿನ ಪತ್ರಿಕೆಯಾದುದಕ್ಕೆ ಸಂಪಾದಕತ್ವವೆಂಬ ಶಿಸ್ತೇ ಕಾರಣ. ಡಿಜಿಟಲ್ ಕಥನಕ್ಕೂ ಅಂತಹ ಸಂಪಾದಕರು ಬೇಕು. ವಿಕಿಪೀಡಿಯದಲ್ಲಿರುವಂತೆ ಕರಡಿನ ಮೇಲೆ ಕರಡು ಉಳಿಯಲಿ, ಸಹಪಾಠಿಗಳು ತಿದ್ದಲಿ, ಅಂಕವು ಭಾವಕ್ಕಲ್ಲದೆ ತಿದ್ದುಪಾಟಿನ ಶ್ರಮಕ್ಕೂ ಚಿತ್ರ ಮತ್ತು ಮಾತುಗಳ ಹೊಂದಾಣಿಕೆಗೂ ಸಲ್ಲಲಿ, ಮನೆಯವರ ಒಪ್ಪಿಗೆಯಿಲ್ಲದೆ ಯಾವುದೂ ತರಗತಿಯ ಹೊರಗೆ ಹೋಗದಿರಲಿ. ಕೇಳಿದೊಡನೆ ಕಥೆ ಹೆಣೆದುಕೊಡುವ ಯಂತ್ರಗಳು 2022ರ ಕೊನೆಯಿಂದ ಎಲ್ಲರ ಕೈಗೂ ಬಂದಿರುವುವು. ಯಂತ್ರಕ್ಕೆ ಅಜ್ಜಿಯಿಲ್ಲ, ಬೆಳಗಿನ ಬಸ್ಸೂ ಇಲ್ಲ. ಆದುದರಿಂದ ಕಂಡದ್ದನ್ನು ನಿಧಾನವಾಗಿ ನೋಡಿ, ಹೇಳಬೇಕಾದಷ್ಟನ್ನೇ ಹೇಳಿ, ಉಳಿದುದನ್ನು ಕೇಳುವವರ ಮನಸ್ಸಿಗೆ ಬಿಡುವ ಅಭ್ಯಾಸವನ್ನು ಈ ಕ್ರಮವು ಕಲಿಸಿದರೆ, ಅದು ಭಾಷಾತರಗತಿಯ ಅಲಂಕಾರವಾಗದೆ ಕನ್ನಡ ಗದ್ಯದ ಒಂದು ಗರಡಿಯಾಗುವುದು.